ಕಿವಿಯಮ್ಮನ ಜಾಗ

ಕುಕ್ಕರ್ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಸೊಸೆಗೆ ಕೇಳಿಸಿತು, ಎದುರುಮನೆಯ ರೇಡಿಯೋ ಅಕ್ಕನಿಗೆ ಕೇಳಿಸಿತು, ಬೀದಿ ಮೂಲೆಯಲ್ಲಿ ಆಡುತ್ತಿದ್ದ ಮಗಳು ಪುಟ್ಟಿಗೂ ಕೇಳಿಸಿತು. ಒಲೆಯ ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತ ಕೂತಿದ್ದ ಅತ್ತೆಗೆ ಮಾತ್ರ ಕೇಳಿಸಲಿಲ್ಲ. ಸೊಸೆ ಒದ್ದೆ ಕೈಯಲ್ಲೇ ಓಡಿಬಂದು ಒಲೆ ಆರಿಸುವ ಹೊತ್ತಿಗೆ ಬೇಳೆ ತಳ ಹಿಡಿದು ಮನೆಯೆಲ್ಲ ಸೀದ ವಾಸನೆ.

"ಅತ್ತೆ, ಮೂರು ಸಲ ಕೂಗಿದ ಮೇಲೆ ಆರಿಸಿ ಅಂತ ಹೇಳಿ ಹೋಗಿದ್ದೆನಲ್ಲ!"

"ಏನು?"

"ಕುಕ್ಕರ್! ಕುಕ್ಕರ್ ಕೂಗ್ತು!"

"ಕೂಗಲೇ ಇಲ್ಲ ಕಣೆ. ಅದರ ರಬ್ಬರ್ ಹೋಗಿದೆ. ನಿನ್ನ ಗಂಡನಿಗೆ ಹೇಳಿ ಹೊಸದು ಹಾಕಿಸು."

"ಬೀದಿಯವರಿಗೆಲ್ಲ ಕೇಳಿಸಿದೆ, ನಿಮಗೊಬ್ಬರಿಗೆ ಕೇಳಿಸಲಿಲ್ವಾ?"

"ನನ್ನ ಕಿವಿಗೆ ಹೆಸರಿಡೋಕೆ ಬಂದ್ಯಾ? ನನ್ನ ಕಿವಿಗೆ?" ಅತ್ತೆ ಈಳಿಗೆಯ ಮುಂದಿನಿಂದ ಎದ್ದೇಬಿಟ್ಟಳು. "ನೀನು ಹುಟ್ಟೋಕೆ ಮುಂಚಿನಿಂದ ಈ ಕಿವೀಲಿ ಅನ್ನ ತಿಂದಿದೀನಿ. ಮನೆ ಮಂದಿಗೆಲ್ಲ ತಿನ್ನಿಸಿದೀನಿ."

ಅದೇನೂ ಸುಳ್ಳಲ್ಲ. ಅತ್ತೆ ಕೆಲಸ ಮಾಡುತ್ತಿದ್ದದ್ದು ಪಿಂಗಾಣಿ ಕಾರ್ಖಾನೆಯಲ್ಲಿ. ಭಟ್ಟಿಯಿಂದ ಇಳಿದ ಚಹಾದ ಕಪ್ಪುಗಳು ಉದ್ದನೆಯ ಹಲಗೆಗಳ ಮೇಲೆ ಸಾಲಾಗಿ ಬರುತ್ತವೆ. ಹೆಂಗಸರು ಮೇಜಿನುದ್ದಕ್ಕೂ ಕೂತು ಒಂದೊಂದನ್ನೇ ಅಂಗೈ ಮೇಲೆ ಇಟ್ಟುಕೊಂಡು ಮರದ ಕಡ್ಡಿಯಲ್ಲಿ ತಟ್ಟುತ್ತಾರೆ. ಗಟ್ಟಿ ಕಪ್ಪಾದರೆ 'ಠಣ್' ಅನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ 'ಟೊಪ್' ಅಂದು ಸುಮ್ಮನಾಗುತ್ತದೆ. ಬಿರುಕು ಕಣ್ಣಿಗೆ ಕಾಣುವುದಿಲ್ಲ, ಮೇಲಿನ ಹೊಳಪು ಮುಚ್ಚಿಬಿಟ್ಟಿರುತ್ತದೆ. ಆದ್ದರಿಂದ ಅಲ್ಲಿ ಕಣ್ಣಿದ್ದವಳಿಗಿಂತ ಕಿವಿಯಿದ್ದವಳೇ ದೊಡ್ಡವಳು. ಅತ್ತೆಯನ್ನು ಎಲ್ಲರೂ ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಉಳಿದವರಿಗೆ ಅನುಮಾನ ಬಂದ ಕಪ್ಪು ಕೈಯಿಂದ ಕೈಗೆ ದಾಟಿ ಕೊನೆಗೆ ಅವಳ ಮುಂದೆ ಬರುತ್ತಿತ್ತು. ಅವಳು ತಟ್ಟಿ ತಲೆಯಾಡಿಸಿದರೆ ಆಯಿತು, ಮೇಸ್ತ್ರಿಯೂ ಎದುರು ಮಾತಾಡುತ್ತಿರಲಿಲ್ಲ.

ಅವಳು ಕೂರುತ್ತಿದ್ದದ್ದು ಮೇಜಿನ ಕೊನೆಯಲ್ಲಿ, ಗೋಡೆ ಪಕ್ಕ. ಭಟ್ಟಿಯ ಗದ್ದಲ ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ. ಅದು ಖಾಯಂ ಜಾಗ. ಆ ಜಾಗದ ಜೊತೆಗೆ ಕಾರ್ಖಾನೆಯ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ಮಾವ ಭಟ್ಟಿಗೆ ಬೆಂಕಿ ಹಾಕುವವನಾಗಿದ್ದು ತೀರಿಹೋದ ಮೇಲೂ ಸಂಸಾರ ಬೀದಿಗೆ ಬೀಳದಿದ್ದದ್ದು ಅತ್ತೆಯ ಜಾಗದಿಂದ. ಇದನ್ನು ಅತ್ತೆ ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ಊಟಕ್ಕೆ ಕೂತರೂ ಅದೇ, ಬಟ್ಟೆ ಮಡಿಸಿದರೂ ಅದೇ.

ಸೊಸೆಯೂ ಅದೇ ಮೇಜಿನಲ್ಲಿ ಅತ್ತೆಯ ಪಕ್ಕ ಕೂರುತ್ತಿದ್ದಳು. ಆದರೆ ಅವಳದು ಹಂಗಾಮಿ. ಬಾ ಎಂದರೆ ಬರಬೇಕು, ಬೇಡವೆಂದರೆ ಮನೆಯಲ್ಲಿರಬೇಕು. ಕೆಲಸ ಕಲಿಸಿದ್ದು ಅತ್ತೆಯೇ, ಕಲಿಸುವಾಗ ಬೈದದ್ದಕ್ಕೆ ಲೆಕ್ಕವಿಲ್ಲ. ಆದರೂ ಸೊಸೆ ಕಲಿತಳು. ಈ ಸಲ ಹಂಗಾಮಿಯವರಲ್ಲಿ ಒಬ್ಬಳನ್ನು ಖಾಯಂ ಮಾಡುತ್ತೇವೆ, ಹೆಚ್ಚುಕಡಿಮೆ ನೀನೇ ಅಂದುಕೋ ಎಂದು ಮೇಸ್ತ್ರಿ ಬಾಯಿಬಿಟ್ಟು ಹೇಳಿದ್ದ. ಅಂದಿನಿಂದ ಸೊಸೆಗೆ ಕಾಲು ನೆಲದ ಮೇಲಿರಲಿಲ್ಲ. ತನ್ನದು ಅಂತ ಒಂದು ಜಾಗ, ಯಾರೂ ಊಟದ ಹೊತ್ತಿನಲ್ಲಿ ಎತ್ತಿ ಆಡದ ಜಾಗ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಸೀದ ಬೇಳೆಯನ್ನು ಮೇಲೆಮೇಲಿಂದ ಬಸಿದು ಅಂದು ಎಲ್ಲರೂ ಉಂಡರು.

"ಅಜ್ಜಿಗೆ ಕಿವಿ ಕೇಳಲ್ಲ ಅಪ್ಪ," ಎಂದಳು ಪುಟ್ಟಿ. "ನಾನು ಹಿಂದಿನಿಂದ ಕರೆದ್ರೆ ತಿರುಗೋದೇ ಇಲ್ಲ. ಮುಂದೆ ನಿಂತು ಬಾಯಿ ಅಗಲಿಸಿದ್ರೆ ಮಾತ್ರ ಗೊತ್ತಾಗುತ್ತೆ."

"ಸುಮ್ನೆ ಉಣ್ಣೇ," ಎಂದ ಅಪ್ಪ. ಅವನು ಭಟ್ಟಿಯಲ್ಲಿ ಕಪ್ಪು ತುಂಬುವವನು, ಅವನದೂ ಹಂಗಾಮಿಯೇ. ಮನೆಯಲ್ಲಿ ಯಾವ ಮಾತಿಗೂ ಸಿಕ್ಕಿಹಾಕಿಕೊಳ್ಳದೆ ನುಣುಚಿಕೊಳ್ಳುವುದರಲ್ಲಿ ಪಳಗಿದವನು.

ಕಿವಿಯೊಂದೇ ಆಗಿದ್ದರೆ ವಯಸ್ಸಾಯಿತು ಅಂದುಕೊಳ್ಳಬಹುದಿತ್ತು. ಆದರೆ ಅತ್ತೆಯ ತಲೆ ದೊಡ್ಡದಾಗುತ್ತಿತ್ತು! ಹೇಳಿದರೆ ನಗುತ್ತಾರೆಂದು ಸೊಸೆ ಯಾರಿಗೂ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಬಟ್ಟೆಯ ಟೋಪಿ ಹಾಕಬೇಕು. ಅತ್ತೆಯ ಟೋಪಿ ಬಿಗಿಯಾಯಿತೆಂದು ಹೊಲಿಗೆ ಬಿಚ್ಚಿ ಪಟ್ಟಿ ಕೂಡಿಸಿ ಕೊಟ್ಟವಳು ಇವಳೇ. ಕೆಲವು ತಿಂಗಳಿಗೆ ಮತ್ತೆ ಬಿಗಿ, ಮತ್ತೆ ಪಟ್ಟಿ. ಕನ್ನಡಕದ ಕಡ್ಡಿಗಳು ಕಿವಿಯಿಂದಾಚೆ ಅಗಲಿಸಿಕೊಂಡು ನಿಂತಿದ್ದವು. ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ಹೊರಕ್ಕೆ ಬಾಗಿ, ನಡೆಯುವಾಗ ಒಂದು ಕಡೆ ವಾಲುತ್ತಿದ್ದಳು. ರಾತ್ರಿಯೆಲ್ಲ ಕಾಲು ನೋವು, ತಲೆ ಭಾರ. ಕೇಳಿದರೆ, "ನಿನ್ನ ಮಾತು ಕೇಳಿ ಕೇಳಿ ತಲೆ ಊದಿಕೊಂಡಿದೆ" ಎಂಬ ಉತ್ತರ.

ಅತ್ತೆಯ ಕಪ್ಪುಗಳಲ್ಲಿ ತಪ್ಪು ಬರತೊಡಗಿದ್ದು ಅದೇ ಹೊತ್ತಿಗೆ. ತಟ್ಟಿ ನೋಡಿದ ಕಪ್ಪಿನ ತಳದಲ್ಲಿ ಪ್ರತಿಯೊಬ್ಬಳೂ ಬಣ್ಣದ ಪೆನ್ಸಿಲ್ಲಿನಲ್ಲಿ ತನ್ನ ಗುರುತು ಹಾಕಬೇಕು. ಅತ್ತೆಯದು ಚುಕ್ಕೆ, ಸೊಸೆಯದು ಅಡ್ಡಗೀಟು. ಚುಕ್ಕೆಯ ಕಪ್ಪುಗಳು ಅಂಗಡಿಯಿಂದ ಒಡೆದು ವಾಪಸ್ಸು ಬಂದವು. ಮೇಸ್ತ್ರಿ ಕಿವಿಯಮ್ಮನ ಮುಖ ನೋಡಿ, "ಗಾಡಿಯಲ್ಲಿ ಒಡೆದಿರಬೇಕು ಬಿಡಿ" ಎಂದ. ಇನ್ನೊಮ್ಮೆ ಬಂದಾಗ ಹಾಗನ್ನಲಿಲ್ಲ. ಇನ್ನೊಂದು ಸಲ ಹೀಗಾದರೆ ಮೇಲಿನವರಿಗೆ ತಿಳಿಸಬೇಕಾಗುತ್ತದೆ ಎಂದು ಸೊಸೆಯ ಕಿವಿಯಲ್ಲಿ ಮೆಲ್ಲಗೆ ಹೇಳಿ ಹೋದ.

ಸೊಸೆ ಒಂದು ಉಪಾಯ ಮಾಡಿದಳು. "ಅತ್ತೆ, ನಿಮಗೆ ಕಾಲು ನೋವು, ಹಲಗೆ ತನಕ ಏಳಬೇಡಿ. ನಿಮ್ಮ ಚುಕ್ಕೆ ನಾನೇ ಹಾಕ್ತೀನಿ" ಎಂದು ಅವಳ ಹಲಗೆಯನ್ನು ತನ್ನ ಕಡೆ ಎಳೆದುಕೊಂಡಳು. ಗುರುತು ಹಾಕುವ ನೆಪದಲ್ಲಿ ಒಂದೊಂದನ್ನೂ ಮತ್ತೆ ತಟ್ಟಿ, ಬಿರುಕಿನವನ್ನು ಸದ್ದಿಲ್ಲದೆ ತೆಗೆದಿಟ್ಟಳು. ನೋಡುತ್ತಾಳೆ, ಅತ್ತೆ ಒಂದನ್ನಾದರೂ ಬೇಡವೆಂದು ತೆಗೆದವಳಲ್ಲ. ಬಂದದ್ದೆಲ್ಲ ಪಾಸು!

ಒಬ್ಬಳು ಇಬ್ಬರ ಕೆಲಸ ಎಷ್ಟು ದಿನ ಮಾಡಿಯಾಳು? ಹಲಗೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮನೆಗೆ ಬಂದರೆ ರೊಟ್ಟಿ ತಟ್ಟಬೇಕು, ನೀರು ಹಿಡಿಯಬೇಕು, ಪುಟ್ಟಿಯ ಜಡೆ ಬಿಚ್ಚಬೇಕು. ಒಂದು ಸಂಜೆ ಆಲೂಗೆಡ್ಡೆ ಸುಲಿಯುತ್ತ ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟಳು.

"ಅಮ್ಮ ತಾನಾಗಿ ನಿನಗೆ ಜಾಗ ಬಿಟ್ಟುಕೊಡೋಳಲ್ಲ. ಅವರೇ ಕಿತ್ಕೊಂಡ್ರೆ ಮನೆ ಹೋಗುತ್ತೆ," ಎಂದ ಅವನು. ಮೊದಲು ಹೊಳೆದದ್ದು ಅದೇ.

"ಅದು ನನಗೆ ಗೊತ್ತಿಲ್ವಾ? ಎಲ್ಲಾನೂ ತಟ್ಟಿ ನೋಡೋಕೆ ಹೊತ್ತು ಸಾಕಾಗಲ್ಲ ಕಣ್ರಿ. ಉಳಿದಿದ್ದನ್ನ ಏನು ಮಾಡಲಿ?"

ಗಂಡ ಉಗುರು ಕಚ್ಚಿದ. "ತಟ್ಟಿ ನೋಡೋಕೆ ಆಗದೇ ಇದ್ದದ್ದಕ್ಕೆ ನಿನ್ನ ಗೀಟು ಹಾಕು."

"ನನ್ನ ಗೀಟಾ?"

"ನಿನ್ನ ಮೇಲೆ ಇನ್ನೂ ಒಂದೂ ತಪ್ಪಿಲ್ಲ. ಒಂದೆರಡು ಬಂದ್ರೂ ಮೇಸ್ತ್ರಿ ಹೊಟ್ಟೆಗೆ ಹಾಕ್ಕೊಳ್ತಾನೆ. ಅಮ್ಮಂಗೆ ಇನ್ನೊಂದು ಬಂದ್ರೆ ಮುಗೀತು. ಸ್ವಲ್ಪ ದಿನ ಅಷ್ಟೇ. ಆಮೇಲೆ ನೀನು ಖಾಯಂ ಆಗ್ತೀಯ, ಅಮ್ಮನ್ನ ಬಿಡಿಸೋಣ."

ಹೇಳುವುದು ಸುಲಭ, ಗೀಟು ಹಾಕುವ ಕೈ ಅವನದಲ್ಲವಲ್ಲ. ಆದರೂ ಸೊಸೆ ಹಾಕಿದಳು. ದಡ್ಡತನವೋ, ಮನೆಯ ಮೇಲಿನ ಆಸೆಯೋ, ಕಿವಿಯಮ್ಮ ಎನ್ನುವ ಹೆಸರಿನ ಮೇಲೆ ಅವಳಿಗೇ ಇದ್ದ ಭಯಭಕ್ತಿಯೋ, ಅಂತೂ ಮರುದಿನದಿಂದ ಅತ್ತೆ ಪಾಸು ಮಾಡಿದ ಕಪ್ಪುಗಳ ತಳದಲ್ಲಿ ಸೊಸೆಯ ಗೀಟು ಕಾಣಿಸಿಕೊಂಡಿತು.

ಜೊತೆಗೆ ಹಟ ಹಿಡಿದು ಅತ್ತೆಯನ್ನು ಆಸ್ಪತ್ರೆಗೂ ಕರೆದುಕೊಂಡು ಹೋದಳು. ಕಾಲು ನೋವಿಗೆ ಎಂದು ಹೇಳಿ ಹೊರಡಿಸಿದ್ದು. ಕಾಲು ನೋಡಿದ ಡಾಕ್ಟರು, ನಡುವಯಸ್ಸಿನ ಹೆಂಗಸು, ತಲೆಯನ್ನೂ ಮುಟ್ಟಿ ನೋಡಿ, ಎಕ್ಸ್‌ರೇ ತೆಗೆಸಿ, ರಕ್ತ ಪರೀಕ್ಷೆ ಮಾಡಿಸಿ, ಕಿವಿಯ ಡಾಕ್ಟರ ಹತ್ತಿರವೂ ಕಳಿಸಿ, ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ತಲೆಬುರುಡೆ ಹತ್ತಿ ತುಂಬಿದ ಹಾಗೆ ದಪ್ಪಗಿತ್ತು.

"ಇದು ಪ್ಯಾಜೆಟ್ ಅಂತ ಮೂಳೆ ಕಾಯಿಲೆ. ಬಹಳ ವರ್ಷದಿಂದ ಇದೆ. ಮೂಳೆ ತನ್ನಷ್ಟಕ್ಕೆ ಕರಗಿ ಮತ್ತೆ ಕಟ್ಟಿಕೊಳ್ತಾ ಇರುತ್ತೆ, ಎಲ್ಲರಿಗೂ. ಇವರಿಗೆ ಅದು ಲಂಗುಲಗಾಮಿಲ್ಲದೆ ನಡೀತಿದೆ. ಅದಕ್ಕೇ ಕಾಲು ಬಾಗಿದೆ, ತಲೆ ದಪ್ಪ ಆಗಿದೆ. ಕಿವಿ ಒಳಗಿನ ಮೂಳೆಗೂ ಹತ್ತಿದೆ. ಕಿವಿ ಒಳಗೆ ಏನಾದ್ರೂ ಸದ್ದು ಬರುತ್ತಾ ಕೇಳಿ."

ಸೊಸೆ ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿದಳು.

ಅತ್ತೆ ಮೊದಲ ಬಾರಿಗೆ ಮೆತ್ತಗಾದಳು. "ಬರುತ್ತೆ. ಯಾವಾಗಲೂ. ಕಪ್ಪು ತಟ್ಟಿದ ಹಾಗೆ, ಠಣ್ ಅಂತ. ನಿಲ್ಲೋದೇ ಇಲ್ಲ."

ಸೊಸೆಗೆ ಆಗ ಹೊಳೆಯಿತು. ಬಿರುಕಿನ ಕಪ್ಪನ್ನು ತಟ್ಟಿದರೂ ಅತ್ತೆಗೆ ಕೇಳಿಸುತ್ತಿದ್ದದ್ದು ಅವಳದೇ ಕಿವಿಯ ಠಣ್. ಹೀಗಿರುವಾಗ ಯಾವ ಕಪ್ಪು ತಾನೇ ಪಾಸಾಗುವುದಿಲ್ಲ?

"ಹೋದದ್ದು ವಾಪಸ್ಸು ಬರಲ್ಲ," ಎಂದರು ಡಾಕ್ಟರು. "ಒಂದು ಡ್ರಿಪ್ ಹಾಕಿದ್ರೆ ಕಾಯಿಲೆ ಸುಮಾರು ಹತೋಟಿಗೆ ಬರುತ್ತೆ. ನೋವು ಕಡಿಮೆ ಆಗುತ್ತೆ, ಉಳಿದಿರೋ ಕಿವಿನೂ ಉಳೀಬಹುದು. ಕಿವಿಗೆ ಮಷಿನ್ ಹಾಕಿಸಿ. ತಡ ಮಾಡಬೇಡಿ."

ಇಷ್ಟನ್ನೂ ಹೊರಗೆ ಬೆಂಚಿನ ಮೇಲೆ ಕೂರಿಸಿ ಅತ್ತೆಗೆ ತಿಳಿಸಬೇಕಲ್ಲ! ಮೂಳೆ ಎಂದು ಕೂಗಿದಳು, ತಲೆ ದಪ್ಪ ಎಂದು ಕೂಗಿದಳು, ಕಿವಿ ಹೋಗಿದೆ ಎಂದು ಕೂಗಿದಳು. ಸಾಲಿನಲ್ಲಿ ಕೂತವರೆಲ್ಲ ತಿರುಗಿ ಅತ್ತೆಯ ತಲೆಯನ್ನೇ ನೋಡಿದರು. ಯಾರೋ ಕಿಸಕ್ಕೆಂದರು. ಅತ್ತೆಯ ಮುಖ ಕಪ್ಪಿಟ್ಟಿತು.

ಮನೆ ಸೇರಿದ್ದೇ ಮಗನ ಮುಂದೆ ದೂರು ಹೋಯಿತು. "ನನ್ನ ತಲೆ ದಪ್ಪ ಅಂತ ನಿನ್ನ ಹೆಂಡ್ತಿ ಆಸ್ಪತ್ರೆಗೆಲ್ಲ ಡಂಗುರ ಹೊಡೆದಳು ಕಣೋ. ಡ್ರಿಪ್ಪಂತೆ! ರಜಾ ಚೀಟಿಯಲ್ಲಿ ಕಿವಿ ಅಂತ ಬರೆದುಕೊಡ್ತಾರೆ. ಅದನ್ನ ಮೇಸ್ತ್ರಿ ಕೈಗೆ ಕೊಟ್ಟು, ತಗೊಳ್ಳಪ್ಪಾ ನನ್ನ ಜಾಗ ಅಂತ ಬರಬೇಕಾ?"

"ಉಳಿದಿರೋ ಕಿವಿನಾದ್ರೂ ಉಳೀಲಿ ಅತ್ತೆ!"

"ನಿನಗೆ ಬೇಕಾಗಿರೋದು ನನ್ನ ಕಿವಿ ಅಲ್ಲ, ನನ್ನ ಗೋಡೆ ಪಕ್ಕದ ಜಾಗ."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಯಾರ ಕಪ್ಪಿಗೆ ಯಾರ ಗೀಟು ಬೀಳುತ್ತಿದೆ ಎಂದು ಆಗಲೇ ಹೇಳಿಬಿಡಬೇಕೆಂದು ಬಾಯಿಗೆ ಬಂತು. ಆದರೆ ಅತ್ತೆಗೆ ಹೇಳುವ ಯಾವ ಮಾತನ್ನೂ ಗುಟ್ಟಾಗಿ ಹೇಳುವಂತಿಲ್ಲ. ಕೂಗಿ ಹೇಳಿದರೆ ಎದುರುಮನೆ ರೇಡಿಯೋ ಅಕ್ಕ ಕಿಟಕಿಯಲ್ಲೇ ಇರುತ್ತಾಳೆ. ಅವಳಿಗೆ ಆ ಹೆಸರು ಬಂದದ್ದೇ ಕೇಳಿದ್ದನ್ನೆಲ್ಲ ಪ್ಯಾಕಿಂಗ್ ವಿಭಾಗದಲ್ಲಿ ಬಿತ್ತರಿಸುವುದರಿಂದ. ಸೊಸೆ ಮಾತು ನುಂಗಿಕೊಂಡು ಪಾತ್ರೆ ತೊಳೆಯಲು ಹೋದಳು.

ಕೆಲವೇ ವಾರಕ್ಕೆ ಪೆಟ್ಟಿಗೆ ಪೆಟ್ಟಿಗೆಯೇ ವಾಪಸ್ಸು ಬಂತು. ಯಾವುದೋ ಚಹಾದಂಗಡಿಯಲ್ಲಿ ಬಿಸಿ ಚಹಾ ಹಾಕುತ್ತಿದ್ದಂತೆ ಕಪ್ಪು ಬಾಯಿಬಿಟ್ಟು ಗಿರಾಕಿಯ ತೊಡೆ ಸುಟ್ಟಿತ್ತು. ಮೇಸ್ತ್ರಿ ಕಪ್ಪುಗಳನ್ನು ಮೇಜಿನ ಮೇಲೆ ಬೋರಲು ಹಾಕಿದ. ಗೀಟು, ಗೀಟು, ಗೀಟು. ಒಂದಕ್ಕೂ ಚುಕ್ಕೆಯಿಲ್ಲ.

"ಇದೇನಮ್ಮ? ನಿನ್ನ ಹೆಸರು ಮೇಲಕ್ಕೆ ಕಳಿಸಿದೀನಿ ನಾನು. ನನ್ನ ಮಾನ ತೆಗೆದ್ಯಲ್ಲ!"

ಸೊಸೆ ಅತ್ತೆಯ ಕಡೆ ತಿರುಗಿದಳು. ಅತ್ತೆ ಆ ಕಪ್ಪುಗಳ ತಳವನ್ನೇ ನೋಡುತ್ತಿದ್ದಳು. ಕೇಳಿಸದಿದ್ದರೂ ಕಣ್ಣಿಗೇನೂ ಆಗಿರಲಿಲ್ಲ.

"ಕಿವಿಯಮ್ಮ, ನೀವೇ ಹೇಳಿ," ಎಂದು ಮೇಸ್ತ್ರಿ ಮುಖಕ್ಕೆ ಮುಖ ಕೊಟ್ಟು ಕೇಳಿದ. "ಪಕ್ಕದಲ್ಲೇ ಕೂರ್ತಾಳೆ. ನೀವು ನೋಡ್ಲಿಲ್ವಾ?"

ಅತ್ತೆ ಒಂದು ಕಪ್ಪು ಎತ್ತಿ, ಅಂಗೈ ಮೇಲಿಟ್ಟು, ಕಡ್ಡಿಯಲ್ಲಿ ತಟ್ಟಿದಳು. ಇಡೀ ಸಾಲಿಗೆ ಟೊಪ್ ಎಂದದ್ದು ಕೇಳಿಸಿತು. ಅವಳು ಎಲ್ಲರ ಮುಖ ಒಮ್ಮೆ ನೋಡಿ, ಕಪ್ಪು ಕೆಳಗಿಟ್ಟು, ತಲೆಯಾಡಿಸಿದಳು.

"ಈಗಿನ ಹುಡುಗಿಯರಿಗೆ ಗಮನ ಎಲ್ಲಿರುತ್ತೆ ಮೇಸ್ತ್ರಿ? ಕಲಿಸೋದಷ್ಟೇ ನನ್ನ ಕೈಲಿತ್ತು."

ಸೊಸೆಯ ಕೈಯಿಂದ ಕಡ್ಡಿ ತೆಗೆದುಕೊಂಡರು. ನಾಳೆಯಿಂದ ಬರುವುದು ಬೇಡ ಎಂದರು. ಸಾಲಿನ ಹೆಂಗಸರು ತಲೆ ತಗ್ಗಿಸಿ ಕಪ್ಪು ತಟ್ಟುತ್ತಲೇ ಇದ್ದರು. ಸೊಸೆ ಟೋಪಿ ಬಿಚ್ಚಿ ಮಡಚಿಟ್ಟು ಹೊರಟು ಬಂದಳು. ಗೇಟಿನವರೆಗೂ ಗಂಡ ಹಿಂದೆ ಬಂದ, ಗೇಟು ದಾಟಲಿಲ್ಲ.

"ಈಗ ಹೇಳಿದ್ರೆ ಇಬ್ಬರದೂ ಹೋಗುತ್ತೆ. ಮನೇನೂ ಹೋಗುತ್ತೆ. ಸ್ವಲ್ಪ ತಡ್ಕೋ."

"ನಾನು ಹೇಳ್ತೀನಿ ಅಂದ್ನಾ?"

"ಅಲ್ಲ, ಮುಖ ನೋಡಿದ್ರೆ ಹಾಗನ್ನಿಸ್ತು."

"ನನ್ನ ಮುಖ ನೋಡೋಕೆ ಇವತ್ತು ಬಿಡುವಾಯ್ತಾ ನಿಮಗೆ?" ಎಂದು ಬಿಸಾಕಿ ಬಂದಳು.

ಆಮೇಲಿನ ದಿನಗಳು ಮನೆಗೆಲಸದಲ್ಲಿ ಕಳೆದವು. ಬೆಳಿಗ್ಗೆ ಎದ್ದು ಅತ್ತೆಗೆ ಬುತ್ತಿ ಕಟ್ಟಬೇಕು, ನೋಯುವ ಕಾಲಿಗೆ ಬಿಸಿನೀರಿನ ಶಾಖ ಕೊಡಬೇಕು, ಮತ್ತೆ ಬಿಗಿಯಾದ ಟೋಪಿಗೆ ಪಟ್ಟಿ ಹೊಲಿಯಬೇಕು. ಅತ್ತೆ ಬುತ್ತಿಯನ್ನು ಅರ್ಧ ಹಾಗೇ ತಂದು, ಉಪ್ಪಿಲ್ಲ ಎನ್ನುವಳು. "ಮನೇಲೇ ಇರ್ತೀಯಲ್ಲ, ಅಡುಗೆನಾದ್ರೂ ನೆಟ್ಟಗೆ ಮಾಡು" ಎನ್ನುವಳು. ತನ್ನ ದನಿ ತನಗೇ ಕೇಳಿಸದ್ದರಿಂದ ಅವಳ ಮಾತೆಲ್ಲ ಗಟ್ಟಿ. ನಲ್ಲಿಯ ಹತ್ತಿರ ಹೋದರೆ ಹೆಂಗಸರು ಬಾಯಿಮುಚ್ಚಿಕೊಳ್ಳುತ್ತಿದ್ದರು. ತೊಡೆ ಸುಟ್ಟ ಗಿರಾಕಿಯನ್ನು ಸೊಸೆ ಕಣ್ಣಾರೆ ಕಂಡವಳಲ್ಲ. ಆದರೂ ಚಹಾ ಬಸಿಯುವ ಮೊದಲು ಪ್ರತಿ ಕಪ್ಪನ್ನೂ ತಟ್ಟಿ ನೋಡುತ್ತಿದ್ದಳು. ತಪ್ಪು ತನ್ನದೂ ಹೌದು ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಆದರೆ ಒಂದು ಮಾತ್ರ ತಲೆ ಕೊರೆಯುತ್ತಿತ್ತು. ತಾನಿಲ್ಲದ ಮೇಲೆ ಅತ್ತೆಯ ಕಪ್ಪುಗಳನ್ನು ಮತ್ತೆ ತಟ್ಟಿ ನೋಡುವವರು ಯಾರು? ಇಷ್ಟು ಹೊತ್ತಿಗೆ ಚುಕ್ಕೆಯ ಕಪ್ಪು ವಾಪಸ್ಸು ಬಂದಿರಬೇಕಲ್ಲ?

ಉತ್ತರ ತಂದವಳು ರೇಡಿಯೋ ಅಕ್ಕ. ಒಂದು ಸಂಜೆ ಸಕ್ಕರೆ ಕೇಳುವ ನೆಪದಲ್ಲಿ ಬಾಗಿಲಿಗೆ ಬಂದಳು.

"ನಿಮ್ಮತ್ತೆಗೆ ಈಗ ಬಲು ಬಿಗಿ ಬಂದಿದೆ ಕಣೆ. ನೀನು ಹೋದ ಮೇಲೆ ಎಲ್ಲರಿಗೂ ಬುದ್ಧಿ ಬರಲಿ ಅಂತಾನೋ ಏನೋ. ಹಲಗೆಯಲ್ಲಿ ಅರ್ಧಕ್ಕರ್ಧ ಕಸದ ಗುಡ್ಡೆಗೆ ಎಸೀತಾಳೆ. ನಾನು ಒಂದೆರಡು ಎತ್ತಿ ತಟ್ಟಿ ನೋಡಿದೆ, ಗಟ್ಟಿಗಿದ್ವು! ಮನೆಗೆ ತಂದಿಟ್ಟುಕೊಂಡಿದೀನಿ. ಕಿವಿಯಮ್ಮನ ಕಿವಿಗೆ ಇನ್ನೇನು ಕೇಳಿಸ್ತೋ, ನಮಗೇನು ಗೊತ್ತು?"

ಸೊಸೆ ಸಕ್ಕರೆ ಕೊಟ್ಟು ಕಳಿಸಿ, ಬಾಗಿಲ ಬಳಿಯೇ ಕೂತು ಲೆಕ್ಕ ಹಾಕಿದಳು. ಅತ್ತೆ ತನ್ನ ಕಿವಿ ನೆಟ್ಟಗಿದೆ ಎಂದು ನಂಬಿದವಳಾದರೆ ಹಿಂದಿನಂತೆಯೇ ಎಲ್ಲ ಪಾಸು ಮಾಡಬೇಕಿತ್ತು. ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದಾಳೆ ಅಂದರೆ ಕಿವಿ ಹೋದದ್ದು ಅವಳಿಗೆ ಗೊತ್ತು. ಗೀಟಿನ ಕಪ್ಪು ತಾನೇ ಪಾಸು ಮಾಡಿದವೆಂದೂ ಗೊತ್ತು. ಮೇಸ್ತ್ರಿಯ ಮುಂದೆ ತಲೆಯಾಡಿಸುವಾಗಲೂ ಗೊತ್ತಿತ್ತು.

ಅವತ್ತು ಊಟಕ್ಕೆ ರೊಟ್ಟಿ, ಸೊಪ್ಪು. ಎಲ್ಲರಿಗೂ ಬಡಿಸಿ ಸೊಸೆ ಅತ್ತೆಯ ಎದುರಿಗೆ ಕೂತಳು.

"ಅತ್ತೆ, ಗೀಟು ಹಾಕಿದ್ದ ಕಪ್ಪು ಯಾರು ಪಾಸು ಮಾಡಿದ್ದು?"

"ಏನು?"

"ಆ ಕಪ್ಪು. ಯಾರದು?"

"ಏನು ಗೊಣಗ್ತೀಯ? ಬಾಯಿಬಿಟ್ಟು ಹೇಳು."

"ಮೆತ್ತಗೆ ಕಣೆ," ಎಂದ ಗಂಡ, ಕಿಟಕಿಯ ಕಡೆ ಕಣ್ಣು ಹಾಯಿಸಿ. "ರೇಡಿಯೋ ಅಕ್ಕ ಹೊರಗೇ ಕೂತಿದ್ದಾಳೆ."

"ಮೆತ್ತಗೆ ಹೇಳಿದ್ರೆ ಕೇಳಿಸೋ ಹಾಗಿದ್ದಿದ್ರೆ ನಾನ್ಯಾಕ್ರೀ ಒಲೆ ಮುಂದೆ ಕೂತಿರ್ತಿದ್ದೆ?" ಸೊಸೆ ಎದ್ದು ನಿಂತಳು. ಇಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಬಂತು. "ಅತ್ತೆ! ಆ ಕಪ್ಪು ನಿಮ್ಮವು! ನಿಮ್ಮ ಹೆಸರು ಕೆಡಬಾರದು ಅಂತ ನಾನು ಗೀಟು ಹಾಕಿದೆ! ನಿಮ್ಮ ಕಿವಿಯಲ್ಲಿ ಠಣ್ ಅನ್ನೋದು ಕಪ್ಪಲ್ಲ, ನಿಮ್ಮ ಕಾಯಿಲೆ! ನಿಮಗೆ ಗೊತ್ತಿತ್ತೋ ಇಲ್ವೋ, ಅದೊಂದು ಹೇಳಿ!"

ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು.

ಅತ್ತೆ ಬಾಯಲ್ಲಿದ್ದ ರೊಟ್ಟಿಯನ್ನು ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ, ತನಗೆ ತಿಳಿದಷ್ಟು ಮೆಲ್ಲಗೆ, ಅಂದರೆ ಬೀದಿಗೆಲ್ಲ ಕೇಳುವಂತೆ, ಹೇಳಿದಳು.

"ಗೊತ್ತಿತ್ತು ಕಣೆ. ನೀನು ಮೊದಲನೇ ಗೀಟು ಹಾಕಿದ ದಿನಾನೇ ನೋಡಿದೆ. ಅದಕ್ಕೇನೀಗ? ನೀನು ಚಿಕ್ಕವಳು, ಕಿವಿ ಇದೆ, ಎಲ್ಲಾದರೂ ಕೂತ್ಕೋತೀಯ. ಅಲ್ಲಿಂದ ಎದ್ರೆ ನನ್ನನ್ನ ಯಾರು ಕರೀತಾರೆ, ಏನಂತ ಕರೀತಾರೆ? ನೀನೇ ತಾನೇ ಹಾಕಿದ್ದು. ನಾನು ಹಾಕು ಅಂದ್ನಾ?"

"ಅಮ್ಮಾ!" ಎಂದ ಮಗ. ಅದು ಅವಳಿಗೆ ಕೇಳಿಸಲಿಲ್ಲ.

ಸೊಸೆ ಗಂಡನ ಕಡೆ ತಿರುಗಿದಳು. "ಹಾಕು ಅಂದೋರು ಇಲ್ಲೇ ಕೂತಿದ್ದಾರೆ. ಅವರಾದ್ರೂ ಒಂದು ಮಾತು ಆಡ್ಲಿ."

ಅವನು ತಟ್ಟೆ ಸರಿಸಿ ಕೈತೊಳೆಯಲು ಎದ್ದುಹೋದ.

ಮರುದಿನ ಮಧ್ಯಾಹ್ನದೊಳಗೆ ಪ್ಯಾಕಿಂಗ್ ವಿಭಾಗಕ್ಕೆಲ್ಲ ಸುದ್ದಿ. ಮೇಸ್ತ್ರಿ ದೊಡ್ಡ ಪರೀಕ್ಷೆ ಏನೂ ಮಾಡಲಿಲ್ಲವಂತೆ. ಅತ್ತೆಯ ಹಿಂದೆ ಹೋಗಿ ನಿಂತು, "ಕಿವಿಯಮ್ಮ" ಎಂದನಂತೆ. ಸ್ವಲ್ಪ ಜೋರಾಗಿ ಇನ್ನೊಮ್ಮೆ. ಸಾಲಿನವರೆಲ್ಲ ತಟ್ಟುವುದು ನಿಲ್ಲಿಸಿ ನೋಡುತ್ತಿದ್ದರು. ಅತ್ತೆ ಬಗ್ಗಿಕೊಂಡು ಕಪ್ಪು ತಟ್ಟುತ್ತಲೇ ಇದ್ದಳಂತೆ.

ಆ ಮೇಜಿನಲ್ಲಿ ಒಂದು ಪದ್ಧತಿಯಿದೆ. ಖಾಯಂ ಜಾಗದಿಂದ ಏಳುವವಳು ತನ್ನ ಕಡ್ಡಿಯನ್ನು ಯಾರಿಗೆ ಕೊಡುತ್ತಾಳೋ ಜಾಗ ಅವಳದು, ಮೇಲಿನವರು ತಡೆಯುವುದಿಲ್ಲ. ಸೊಸೆಯ ಕಿವಿಯಲ್ಲಿ ದೋಷವಿಲ್ಲವೆಂದು ಈಗ ಎಲ್ಲರಿಗೂ ಗೊತ್ತು. ಗೀಟು ಹಾಕಿದ್ದು ತಪ್ಪೇ ಎಂದು ಮೇಸ್ತ್ರಿ ಸೊಸೆಯನ್ನು ಕರೆಸಿ ಬೈದು, ಕೂರಲು ಒಪ್ಪಿದ. ಅತ್ತೆಗೆ ಬೇರೆ ದಾರಿಯಿರಲಿಲ್ಲ. ಹೊರಗಿನವರಿಗೆ ಕೊಟ್ಟರೆ ಮನೆ ಬಿಡಬೇಕು. ಎಲ್ಲರೂ ಕಾಯುತ್ತಿರುವಾಗ ಅವಳು ಕಡ್ಡಿಯನ್ನು ಸೊಸೆಯ ಕೈಗೆ ಕೊಡದೆ ಮೇಜಿನ ಮೇಲಿಟ್ಟು, ವಾಲುತ್ತ ಹೊರಗೆ ನಡೆದಳು. ಸೊಸೆ ಅದನ್ನು ತಾನೇ ಎತ್ತಿಕೊಂಡಳು.

ಹೀಗೆ ಬೇಕೆಂದದ್ದು ಸಿಕ್ಕಿತು. ಗೋಡೆ ಪಕ್ಕದ ಜಾಗ, ಖಾಯಂ. ಕೂತ ಮೊದಲ ದಿನ ಅವಳಿಗೆ ಸಂತೋಷವೇನೂ ಆಗಲಿಲ್ಲ, ಸೊಂಟ ನೋಯಿತು.

ಮುಚ್ಚಿಡುವುದು ಏನೂ ಉಳಿದಿರಲಿಲ್ಲವಾದ್ದರಿಂದ ಅತ್ತೆಗೆ ಡ್ರಿಪ್ ಹಾಕಿಸಿದರು. ಎರಡು ದಿನ ಜ್ವರ ಬಂದು ಹೋಯಿತು. ಕಾಲಿನ ನೋವು ತಗ್ಗಿತು, ತಲೆಯೊಳಗಿನ ಠಣ್ ಮಾತ್ರ ನಿಲ್ಲಲಿಲ್ಲ. ಮಷಿನ್ ಬಗ್ಗೆ ಮಗ, "ಮುಂದಿನ ತಿಂಗಳು ನೋಡೋಣ" ಎಂದ. ಪ್ರತಿ ತಿಂಗಳೂ ಹಾಗೇ ಎಂದ. ಮೊದಲಾಗಿದ್ದರೆ ಸೊಸೆ ಹಟ ಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಈಗ ಹಿಡಿಯಲಿಲ್ಲ. ಡಾಕ್ಟರು ಅವಳನ್ನೇ ಕೂರಿಸಿ ಹೇಳಿದ್ದರು: "ಸ್ವಲ್ಪ ಕಿವಿ ಉಳಿದಿದೆ. ಎದುರಿಗೆ ಕೂತು, ಮುಖ ತೋರಿಸಿ, ಗಟ್ಟಿಯಾಗಿ ಮಾತಾಡಿ. ಮಾತು ಮಾತ್ರ ನಿಲ್ಲಿಸಬೇಡಿ. ಇಲ್ಲದಿದ್ರೆ ಇವರು ಒಬ್ಬಂಟಿ ಆಗಿಬಿಡ್ತಾರೆ."

ಸೊಸೆ ಮಾತು ನಿಲ್ಲಿಸಲಿಲ್ಲ. ಯಾರೂ ಹಾಗೆ ಹೇಳುವಂತಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಹೊತ್ತಿಗೆ ಸರಿಯಾಗಿ ಬಡಿಸಿದಳು, ಕಾಲಿಗೆ ಎಣ್ಣೆ ಹಚ್ಚಿದಳು. ಆದರೆ ಬೀದಿಗೆಲ್ಲ ಕೇಳುವಂತೆ ಕೂಗಿದ ಆ ಸಂಜೆಯ ನಂತರ ಒಂದು ದಿನವೂ ದನಿ ಎತ್ತಲಿಲ್ಲ.

"ಎಂಥ ತಾಳ್ಮೆ ಅಂತೀನಿ," ಎಂದು ರೇಡಿಯೋ ಅಕ್ಕ ನಲ್ಲಿಯ ಹತ್ತಿರ ಬಿತ್ತರಿಸಿದಳು. "ಅಷ್ಟೆಲ್ಲ ಆದ್ರೂ ಅತ್ತೆ ಮುಂದೆ ಒಂದು ಗಟ್ಟಿ ಮಾತಿಲ್ಲ. ಸೊಸೆ ಅಂದ್ರೆ ಹಾಗಿರಬೇಕು."

ಅತ್ತೆ ದಿನವಿಡೀ ಬಾಗಿಲಲ್ಲಿ ಕೂತು ಕಾರ್ಖಾನೆಯ ಕಡೆ ನೋಡುತ್ತಿದ್ದಳು. ಸೊಸೆ ಬಂದು ಒಲೆ ಹೊತ್ತಿಸುವವರೆಗೆ ಕಾದು, ಊಟಕ್ಕೆ ಕೂತ ಮೇಲೆ ಕೇಳುವುದು ಒಂದೇ.

"ಇವತ್ತು ಎಷ್ಟು ಹಲಗೆ ಬಂತು? ಭಟ್ಟಿ ಹದವಾಗಿ ಉರೀತಿದೆಯಾ? ಬಿರುಕು ಬಹಳ ಇತ್ತಾ?"

ಸೊಸೆ ಬೇಯುತ್ತಿದ್ದ ರೊಟ್ಟಿಯನ್ನೇ ನೋಡುತ್ತ ಹೇಳಿದಳು. ಇಂದು ಹಲಗೆಗಳು ತಡವಾಗಿ ಬಂದವು ಎಂದಳು. ಭಟ್ಟಿಯ ಶಾಖ ಒಂದು ಕಡೆ ಹೆಚ್ಚಾಗಿ ಹಿಡಿಗಳ ಬುಡದಲ್ಲೇ ಬಿರುಕು ಬರುತ್ತಿದೆ ಎಂದಳು. ಹೊಸ ಹುಡುಗಿಯೊಬ್ಬಳು ಅನುಮಾನದ ಕಪ್ಪನ್ನು ತಂದು ಕಿವಿಯಮ್ಮ ಇದ್ದಿದ್ದರೆ ಕೇಳಬಹುದಿತ್ತು ಅಂದಳು ಎಂದೂ ಹೇಳಿದಳು. ಒಂದೂ ಬಿಡದೆ, ನಿಜವನ್ನೇ, ಮೆಲ್ಲಗೆ ಹೇಳಿದಳು.

"ಏನು?" ಎಂದಳು ಅತ್ತೆ. ಕತ್ತು ಚಾಚಿ ಸೊಸೆಯ ಬಾಯಿ ನೋಡಲು ಪ್ರಯತ್ನಿಸಿದಳು. ಸೊಸೆಯ ಮುಖ ಒಲೆಯ ಕಡೆಗಿತ್ತು. "ಏನಂದೆ?"

ಸೊಸೆ ಅದೇ ದನಿಯಲ್ಲಿ ಮತ್ತೊಮ್ಮೆ ಹೇಳಿದಳು.

"ಅಮ್ಮ, ಅಜ್ಜಿಗೆ ಕೇಳಿಸ್ಲಿಲ್ಲ," ಎಂದಳು ಪುಟ್ಟಿ.

"ಹೇಳಿದೆನಲ್ಲ," ಎಂದಳು ಸೊಸೆ. ಅತ್ತೆಯ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಇನ್ನೊಂದು ತಟ್ಟಲು ಕೂತಳು.